ನುಗ್ಗೆ ಮರದ ಬುಡದಲ್ಲಿ ಬಿದ್ದಿದ್ದ ಗೂಬೆ: ಮನೆಯವರು ಏನು ಮಾಡಬೇಕು, ಏನು ಮಾಡಬಾರದು?

ಪ್ರಶ್ನೆ: ಡಾಕ್ಟ್ರೇ, ನಾವು ತುಮಕೂರಿನವರು. ಕಳೆದ ಭಾನುವಾರ ಬೆಳಿಗ್ಗೆ ಮನೆ ಹಿಂದೆ ಕಾಗೆಗಳು ವಿಪರೀತ ಕೂಗುತ್ತಿದ್ದವು. ಹೋಗಿ ನೋಡಿದರೆ ನುಗ್ಗೆ ಮರದ ಬುಡದಲ್ಲಿ ಬಿಳಿ ಮುಖದ ಒಂದು ಗೂಬೆ ಕೂತಿತ್ತು. ಬಲ ರೆಕ್ಕೆಗೆ ಗಾಳಿಪಟದ ದಾರ ಸುತ್ತಿಕೊಂಡು ರಕ್ತ ಬಂದಿತ್ತು. ಹತ್ತಿರ ಹೋದರೆ ಹಾವಿನ ಹಾಗೆ ಬುಸ್ ಅನ್ನುತ್ತಿತ್ತು. ನಮ್ಮ ಯಜಮಾನರು ಅದರ ಮೇಲೆ ಮಂಕರಿ ಕವುಚಿಟ್ಟರು. ಮಗ ಫಿಲ್ಲರ್‌ನಲ್ಲಿ ನಾಲ್ಕು ಹನಿ ನೀರು ಬಾಯಿಗೆ ಬಿಟ್ಟ. ಪಕ್ಕದ ಮನೆಯವರು ಹಾಲು ಕುಡಿಸಿ, ಗಾಯಕ್ಕೆ ಅರಿಶಿನ ಹಚ್ಚಿ ಅಂದರು. ಇನ್ನೊಬ್ಬರು, ಹಗಲು ಅದಕ್ಕೆ ಕಣ್ಣು ಕಾಣಲ್ಲ, ಸುಮ್ನೆ ಬಿಡಿ, ರಾತ್ರಿ ತಾನೇ ಹಾರಿಹೋಗುತ್ತೆ ಅಂದರು. ನಮ್ಮತ್ತೆ ಮಾತ್ರ ಗೂಬೆ ಒಳಗೆ ಬಂದರೆ ಮನೆ ಬಿಡಬೇಕಾಗುತ್ತೆ, ತರಲೇಬೇಡಿ ಅಂತ ಅಳುತ್ತಾ ಕೂತರು. ಅಷ್ಟರಲ್ಲಿ ಗುರುತಿಲ್ಲದ ಒಬ್ಬ ಬೈಕಿನಲ್ಲಿ ಬಂದು, ಕೊಡ್ತೀರಾ, ಐದು ಸಾವಿರ ಕೊಡ್ತೀನಿ ಅಂದ. ಭಾನುವಾರ ಅಂತ ಪಶು ಆಸ್ಪತ್ರೆ ಬೇರೆ ಮುಚ್ಚಿತ್ತು. ಆ ಹೊತ್ತಿಗೆ ನೀವು ಫೋನಿನಲ್ಲಿ ಹೇಳಿದಂತೆ ಮಾಡಿದೆವು, ಅರಣ್ಯ ಇಲಾಖೆಯವರು ಬಂದು ತೆಗೆದುಕೊಂಡು ಹೋದರು. ಆದರೂ ಮನಸ್ಸಿಗೆ ಸಮಾಧಾನ ಇಲ್ಲ. ನಾವು ಮಾಡಿದ್ದರಲ್ಲಿ ತಪ್ಪೇನು? ಅದು ಬದುಕುತ್ತಾ? ಹಾರೋಕೆ ಆಗದಿದ್ದರೆ ಸಾಯಿಸಿಬಿಡ್ತಾರಾ? ಮನೆಯಲ್ಲೇ ಸಾಕಬಹುದಿತ್ತಲ್ವಾ ಅಂತ ಮಗ ದಿನಾ ಕೇಳುತ್ತಾನೆ.

ಉತ್ತರ: ಭಾನುವಾರ ಅವಸರದಲ್ಲಿ ನಾನು ಹೇಳಿದ್ದು ನಾಲ್ಕೇ ಮಾತು. ರಟ್ಟಿನ ಡಬ್ಬದಲ್ಲಿಡಿ, ಬಾಯಿಗೆ ಏನೂ ಹಾಕಬೇಡಿ, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ, ಬೈಕಿನವನ ಕೈಗೆ ಕೊಡಬೇಡಿ. ಯಾಕೆ ಅಂತ ಹೇಳೋಕೆ ಆಗ ಸಮಯ ಇರಲಿಲ್ಲ. ಈಗ ಹೇಳುತ್ತೇನೆ. ಆಷಾಢದ ಗಾಳಿ ಶುರುವಾದರೆ ಸಾಕು, ನನಗೆ ಬರುವ ಹತ್ತು ಫೋನುಗಳಲ್ಲಿ ಆರೇಳು ನಿಮ್ಮದರ ಹಾಗೇ ಇರುತ್ತವೆ.

ಮೊದಲು ನಿಮ್ಮ ಅತ್ತೆಯವರ ವಿಷಯ. ಅವರ ಭಯವನ್ನು ತಳ್ಳಿಹಾಕಬೇಡಿ. ಚಿಕ್ಕಂದಿನಿಂದ ಕೇಳಿ ಬೆಳೆದದ್ದು ಒಂದು ಬೆಳಿಗ್ಗೆಗೆ ಹೋಗುವುದಿಲ್ಲ. ನಮ್ಮ ಮಾತಿನಲ್ಲೇ ನೋಡಿ, ಯಾರ ಮೇಲಾದರೂ ತಪ್ಪು ಹೊರಿಸಿದರೆ ‘ಗೂಬೆ ಕೂರಿಸಿದ’ ಅನ್ನುತ್ತೇವೆ. ರಾತ್ರಿ ಓಡಾಡುವ ಹಕ್ಕಿ, ಮನುಷ್ಯರ ಹಾಗೆ ಎದುರಿಗೇ ನೋಡುವ ಕಣ್ಣು, ಎದೆ ಝಲ್ಲೆನಿಸುವ ಕಿರುಚು, ವಾಸ ಪಾಳು ಮನೆಯಲ್ಲಿ. ಹೆದರಿಕೆ ಹುಟ್ಟಿದ್ದು ಅಲ್ಲಿಂದ. ಆದರೆ ಗೂಬೆ ಬಂದದ್ದರಿಂದ ಮನೆ ಪಾಳಾಗಲಿಲ್ಲ, ಪಾಳು ಬಿದ್ದ ಮನೆಯಲ್ಲಿ ಇಲಿ ಜಾಸ್ತಿ, ಜನ ಇಲ್ಲ, ಹಾಗಾಗಿ ಗೂಬೆ ಬಂತು. ಬಂಗಾಳದಲ್ಲಿ ಇದೇ ಬಿಳಿ ಗೂಬೆ ಲಕ್ಷ್ಮಿಯ ವಾಹನ. ಅಲ್ಲಿ ಮನೆಗೆ ಬಂದರೆ ಒಳ್ಳೇದು ಅಂತಾರೆ. ನಿಮ್ಮತ್ತೆಗೆ ಇದನ್ನು ಹೇಳಿ ನೋಡಿ. ಹಿಂದೆ ಒಂದು ಮನೆಯಲ್ಲಿ ಅಜ್ಜಿ ಇದನ್ನು ಕೇಳಿದ್ದೇ ತಡ, ಗೂಬೆಯ ಡಬ್ಬವನ್ನು ದೇವರ ಕೋಣೆಗೆ ತರಿಸಿಕೊಂಡರು. ಅಲ್ಲೇ ಸದ್ದು ಕಮ್ಮಿ, ಕತ್ತಲೂ ಇದೆ ಅಂದರು. ಗಾಯಗೊಂಡ ಹಕ್ಕಿಗೆ ಬೇಕಿದ್ದದ್ದೂ ಅದೇ.

ಬೈಕಿನವನನ್ನು ಹಾಗೇ ಕಳಿಸಿದಿರಲ್ಲ, ಅದು ನೀವು ಮಾಡಿದ ಬಹಳ ದೊಡ್ಡ ಕೆಲಸ. ಗೂಬೆಯನ್ನು ವಾಮಾಚಾರಕ್ಕೆ ಕೊಳ್ಳುವವರು ನಮ್ಮ ರಾಜ್ಯದಲ್ಲೂ ಇದ್ದಾರೆ. ಅಮಾವಾಸ್ಯೆ ಹತ್ತಿರ ಬಂದರೆ, ಅದರಲ್ಲೂ ದೀಪಾವಳಿ ಸಮಯದಲ್ಲಿ, ಹುಡುಕಾಟ ಜೋರಾಗುತ್ತೆ. ಅವನಿಗೆ ಸುದ್ದಿ ಹೇಗೆ ಹೋಯಿತು ಅಂತ ನೀವು ಬರೆದಿಲ್ಲ. ಸಾಮಾನ್ಯವಾಗಿ ಹೋಗುವುದು ಬಡಾವಣೆಯ ವಾಟ್ಸಾಪ್ ಗುಂಪಿನಿಂದ. ಸಹಾಯ ಸಿಗಲಿ ಅಂತ ಯಾರೋ ಫೋಟೊ, ಮನೆ ವಿಳಾಸ ಎರಡನ್ನೂ ಹಾಕಿಬಿಡುತ್ತಾರೆ. ಗೂಬೆ, ನಕ್ಷತ್ರ ಆಮೆ, ಎರಡು ತಲೆ ಹಾವು ಅಂತ ಕರೆಯುವ ಮಣ್ಣುಮುಕ್ಕ ಹಾವು, ಇವುಗಳ ಫೋಟೊ ಮಾತ್ರ ಗುಂಪಿಗೆ ಹಾಕಬೇಡಿ. ಅರಣ್ಯ ಇಲಾಖೆಗೋ ರಕ್ಷಣಾ ಕೇಂದ್ರಕ್ಕೋ ನೇರವಾಗಿ ಕಳಿಸಿ.

ಇನ್ನು ಹಗಲು ಕಣ್ಣು ಕಾಣಲ್ಲ ಅನ್ನುವ ಮಾತು. ಕೇಳೋಕೆ ಏನೂ ಅಪಾಯ ಇಲ್ಲದಂತೆ ಕಾಣುತ್ತೆ. ಆದರೆ ನನ್ನ ಅನುಭವದಲ್ಲಿ ಗೂಬೆಗಳ ಜೀವ ಹೆಚ್ಚು ತೆಗೆದಿರುವುದು ಇದೇ. ಗೂಬೆಗೆ ಹಗಲಿನಲ್ಲೂ ಕಣ್ಣು ಚೆನ್ನಾಗಿಯೇ ಕಾಣುತ್ತೆ. ಹಗಲು ಹೊರಗೆ ಬಾರದಿರುವುದಕ್ಕೆ ಒಂದು ಕಾರಣ ಕಾಗೆಗಳ ಕಾಟ. ಚೆನ್ನಾಗಿರುವ ಗೂಬೆ ಮನುಷ್ಯ ಹತ್ತಿರ ಬಂದರೆ ಹಾರಿಹೋಗುತ್ತೆ. ನೆಲದ ಮೇಲೆ ಕೂತು, ಬುಸ್ ಅನ್ನುತ್ತಾ, ಒಂದು ರೆಕ್ಕೆ ಇಳಿಬಿಟ್ಟಿದೆ ಅಂದರೆ ಅದಕ್ಕೆ ಹಾರೋಕೆ ಆಗುತ್ತಿಲ್ಲ ಅಂತಲೇ ಅರ್ಥ. ರಾತ್ರಿ ಹಾರಿಹೋಗುತ್ತೆ ಅಂತ ಬಿಟ್ಟವರು ಬೆಳಿಗ್ಗೆ ಎದ್ದು ನೋಡುವಾಗ ಅಲ್ಲಿ ಬೆಕ್ಕೋ ನಾಯಿಯೋ ಬಂದು ಹೋಗಿರುತ್ತೆ. ಬರೀ ಗರಿ ಉಳಿದಿರುತ್ತೆ. ಅದು ಎಲ್ಲೋ ಪೊದೆಯಲ್ಲಿ ನುಸುಳಿಕೊಂಡಿದ್ದರೆ ಮಾರನೇ ದಿನ ಗಾಯದಲ್ಲಿ ನೊಣದ ಮೊಟ್ಟೆ ಇರುತ್ತೆ. ಅಕ್ಕಿ ನುಚ್ಚು ಅಂಟಿದ ಹಾಗೆ ಗರಿ ಬುಡದಲ್ಲಿ ಗೊಂಚಲು ಗೊಂಚಲು. ಆ ಮೊಟ್ಟೆ ಹುಳ ಆಗೋಕೆ ಒಂದು ದಿನವೂ ಬೇಡ.

ಒಂದು ಮಾತು ಮಾತ್ರ ನೆನಪಿರಲಿ. ಮೈ ತುಂಬ ಹತ್ತಿಯಂತಹ ನವಿರು ಇದ್ದರೆ, ಗಾಯ ಇಲ್ಲದಿದ್ದರೆ, ಅದು ಗೂಡಿನಿಂದ ಇಳಿದ ಮರಿ ಇರಬಹುದು. ಆಗ ಕಾಪಾಡಲು ಹೋಗಬೇಡಿ. ಗೂಡು ಕಂಡರೆ ಎತ್ತಿಡಿ, ಇಲ್ಲವಾದರೆ ಬೆಕ್ಕು ನಾಯಿ ಮುಟ್ಟದ ಎತ್ತರದ ಜಾಗದಲ್ಲಿ ಕೂರಿಸಿ ದೂರ ನಿಂತು ನೋಡಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸಲ್ಲ ಅನ್ನುವುದು ಸುಳ್ಳು. ನಿಮ್ಮದು ಮರಿಯಲ್ಲ, ರಕ್ತವೂ ಬಂದಿತ್ತು, ಹಾಗಾಗಿ ಹಿಡಿದದ್ದೇ ಸರಿ.

ನಿಮ್ಮ ಮಗ ಬಿಟ್ಟ ನೀರಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅವನನ್ನು ಬೈಯಬೇಡಿ, ನೂರಕ್ಕೆ ತೊಂಬತ್ತು ಜನ ಮೊದಲು ಮಾಡುವುದೇ ಅದು. ಹಕ್ಕಿಯ ಬಾಯಿ ತೆರೆದು ನೋಡಿದರೆ ನಾಲಗೆಯ ಬುಡದಲ್ಲಿ, ನಟ್ಟ ನಡುವೆ, ಒಂದು ಸಣ್ಣ ಸೀಳು ಕಾಣುತ್ತೆ. ಉಸಿರಾಡುವಾಗ ಅದು ತೆರೆದು ಮುಚ್ಚುತ್ತಾ ಇರುತ್ತೆ. ಅದೇ ಶ್ವಾಸನಾಳದ ಬಾಯಿ. ಮೇಲಿನಿಂದ ಹನಿ ಬಿಟ್ಟರೆ ಅದು ಹೊಟ್ಟೆಗೆ ಹೋಗುವ ಬದಲು ಆ ಸೀಳಿನೊಳಗೆ ಇಳಿದುಬಿಡುತ್ತೆ. ಹಕ್ಕಿ ಚೆನ್ನಾಗಿದ್ದರೆ ಹೇಗೋ ತಡೆದುಕೊಳ್ಳುತ್ತೆ. ಆಘಾತದಲ್ಲಿರುವ ಹಕ್ಕಿಗೆ ನುಂಗುವ ಶಕ್ತಿ ಇರಲ್ಲ. ಕೆಲವು ವರ್ಷದ ಹಿಂದೆ ಒಂದು ಹದ್ದನ್ನು ತಂದಿದ್ದರು. ರೆಕ್ಕೆಯ ಗಾಯ ಬೆರಳುಗುರಿನಷ್ಟು, ಎರಡು ಹೊಲಿಗೆಯ ಕೆಲಸ. ಆದರೆ ಒಂದು ಮಗು ಪ್ರೀತಿಯಿಂದ ಸಿರಿಂಜಿನಲ್ಲಿ ಹಾಲು ಕುಡಿಸಿತ್ತು. ನನ್ನ ಮೇಜಿನ ಮೇಲೆ ಬರುವ ಹೊತ್ತಿಗೆ ಮೂಗಿನ ತೂತಿನಿಂದ ಹಾಲು ಗುಳ್ಳೆ ಗುಳ್ಳೆಯಾಗಿ ಬರುತ್ತಿತ್ತು. ಅರ್ಧ ಗಂಟೆಯಲ್ಲಿ ಹೋಯಿತು. ಗಾಯದಿಂದಲ್ಲ, ಹಾಲಿನಿಂದ. ಆ ಮಗುವಿಗೆ ನಾನು ನಿಜ ಹೇಳಲಿಲ್ಲ.

ಹಾಲು ಹಕ್ಕಿಗಳ ಆಹಾರವೇ ಅಲ್ಲ, ಅದನ್ನು ಜೀರ್ಣಿಸುವ ಶಕ್ತಿ ಅವುಗಳಿಗಿಲ್ಲ. ಬ್ರೆಡ್ಡು, ಅನ್ನ, ನೆನೆಸಿದ ಬಿಸ್ಕತ್ತು ಗೂಬೆಗೆ ಉಪಯೋಗವಿಲ್ಲ. ಅದು ಇಲಿಯನ್ನು ಮೂಳೆ ಕೂದಲ ಸಮೇತ ನುಂಗಿ, ಕರಗದ್ದನ್ನು ಉಂಡೆ ಮಾಡಿ ಬಾಯಿಂದ ಹೊರಗೆ ಹಾಕುವ ಹಕ್ಕಿ. ನೀರಿನ ಬಹುಪಾಲೂ ಅದಕ್ಕೆ ಬೇಟೆಯಿಂದಲೇ ಸಿಗುತ್ತೆ. ಒಂದು ರಾತ್ರಿ ಉಪವಾಸ ಇದ್ದರೆ ಬೆಳೆದ ಗೂಬೆ ಸಾಯಲ್ಲ. ತಣ್ಣಗಾಗಿರುವ, ಹೆದರಿರುವ ಹಕ್ಕಿಯ ಹೊಟ್ಟೆಗೆ ತುರುಕಿದರೆ ಸಾಯಬಹುದು.

ಹಾಗಾದರೆ ಅದಕ್ಕೆ ಬೇಕಾದದ್ದೇನು? ಕತ್ತಲು, ಬೆಚ್ಚಗಿನ ಜಾಗ, ಸದ್ದಿಲ್ಲದಿರುವುದು. ಇಷ್ಟೇನಾ ಅನ್ನಿಸಬಹುದು. ಕಾಡು ಹಕ್ಕಿಯ ಕಣ್ಣಿಗೆ ನಾವೆಲ್ಲ ಅದನ್ನು ತಿನ್ನಲು ಬಂದವರು. ನಾವು ತಲೆ ಸವರಿದರೆ ಅದಕ್ಕೆ ಸಮಾಧಾನ ಆಗಲ್ಲ, ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತೆ. ಕೈಯಲ್ಲಿ ಅಲುಗಾಡದೆ ಕೂತಿದೆ, ನಮ್ಮನ್ನು ನಂಬಿದೆ ಅಂದುಕೊಳ್ಳುತ್ತೇವಲ್ಲ, ಅದು ನಂಬಿಕೆಯಲ್ಲ, ಭಯಕ್ಕೆ ಮರಗಟ್ಟಿರುವುದು. ಗಾಯಕ್ಕಿಂತ ಮೊದಲು ಹಕ್ಕಿಯನ್ನು ಕೊಲ್ಲುವುದು ಈ ಆಘಾತ. ಅದಕ್ಕೇ ನಾನು ಡಬ್ಬವೇ ಮೊದಲ ಔಷಧಿ ಅನ್ನುವುದು. ಮಂಕರಿ ಕವುಚಿದ್ದು ತಪ್ಪೇನಲ್ಲ, ಕಾಗೆಗಳಿಂದ ಉಳಿಸಿತು. ಆದರೆ ಸಂದಿಯಲ್ಲಿ ಬೆಳಕು ಬರುತ್ತೆ, ನಾವು ಓಡಾಡುವುದು ಕಾಣುತ್ತೆ, ಗರಿ ಸಿಕ್ಕಿಕೊಳ್ಳುತ್ತೆ. ತಂತಿಯ ಪಂಜರವಂತೂ ಬೇಡವೇ ಬೇಡ. ಹೊಡೆದಾಡಿ ಬಾಲ, ರೆಕ್ಕೆಯ ಗರಿಗಳನ್ನೆಲ್ಲ ಮುರಿದುಕೊಳ್ಳುತ್ತೆ. ಬುಡದಲ್ಲಿ ಮುರಿದ ಗರಿ ಮತ್ತೆ ಸರಿಯಾಗಿ ಬರೋಕೆ ತಿಂಗಳುಗಟ್ಟಲೆ ಕಾಯಬೇಕು. ಅಂಗಡಿಯಲ್ಲಿ ಸಿಗುವ ರಟ್ಟಿನ ಡಬ್ಬ ಸಾಕು. ಹಕ್ಕಿ ನಿಂತು ತಿರುಗುವಷ್ಟು ದೊಡ್ಡದು, ರೆಕ್ಕೆ ಬಡಿಯುವಷ್ಟು ದೊಡ್ಡದು ಬೇಡ. ಹಕ್ಕಿ ಒಳಗೆ ಹೋಗುವ ಮೊದಲೇ ಪಕ್ಕಗಳಲ್ಲಿ ತೂತು ಮಾಡಿ. ತಳಕ್ಕೆ ಹಳೆ ಟವೆಲ್ ಹಾಸಿ, ಜಾರದಿರಲಿ. ಮಳೆಯಲ್ಲಿ ನೆನೆದು ತಣ್ಣಗಾಗಿದ್ದರೆ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಒಂದು ಮೂಲೆಯಲ್ಲಿಡಿ. ಬೇಕಾದರೆ ಹತ್ತಿರ ಬರಲಿ, ಬೇಡವಾದರೆ ದೂರ ಹೋಗಲಿ. ಮುಚ್ಚಳ ಹಾಕಿದ ಮೇಲೆ ಹತ್ತು ನಿಮಿಷಕ್ಕೊಮ್ಮೆ ತೆರೆದು ನೋಡಬೇಡಿ. ಮನೆಗಳಲ್ಲಿ ಇದೇ ಎಲ್ಲಕ್ಕಿಂತ ಕಷ್ಟ.

ಎತ್ತುವಾಗ ಎರಡು ಎಚ್ಚರ. ಗೂಬೆ ಕೊಕ್ಕಿನಿಂದ ಕಚ್ಚುತ್ತೆ ಅಂತ ಎಲ್ಲರೂ ಮುಖ ನೋಡುತ್ತಾರೆ. ನೋಡಬೇಕಾದದ್ದು ಕಾಲನ್ನು. ಉಗುರು ಸೂಜಿಯಂತೆ ಇಳಿಯುತ್ತೆ, ಹಿಡಿದರೆ ಬಿಡಲ್ಲ. ಹಿಡಿದುಬಿಟ್ಟರೆ ಎಳೆಯಬೇಡಿ. ಅದರ ಕಾಲನ್ನು ಮೆಲ್ಲಗೆ ನೇರ ಮಾಡಿ, ಹಿಡಿತ ತಾನೇ ಸಡಿಲವಾಗುತ್ತೆ. ಇನ್ನೊಂದು, ದಪ್ಪ ಟವೆಲ್ಲನ್ನು ತಲೆ ಸಮೇತ ಮೇಲೆ ಹಾಕಿ, ರೆಕ್ಕೆ ಮಡಿಸಿದ ಹಾಗೇ ಎರಡೂ ಕೈಯಲ್ಲಿ ಎತ್ತಬೇಕು, ಆದರೆ ಎದೆ ಒತ್ತಬಾರದು. ಹಕ್ಕಿಗಳಿಗೆ ನಮ್ಮ ಹಾಗೆ ವಪೆ, ಅಂದರೆ ಎದೆ ಹೊಟ್ಟೆಯ ನಡುವೆ ಇದ್ದು ಉಸಿರೆಳೆಯಲು ನೆರವಾಗುವ ಸ್ನಾಯುವಿನ ಪರದೆ, ಇಲ್ಲ. ಎದೆಮೂಳೆ ಏರಿ ಇಳಿದರೆ ಮಾತ್ರ ಉಸಿರು. ಬಿಗಿಯಾಗಿ ಹಿಡಿದವರ ಕೈಯಲ್ಲೇ ಉಸಿರುಗಟ್ಟಿದ ಹಕ್ಕಿಗಳನ್ನು ನೋಡಿದ್ದೇನೆ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದುಕೊಳ್ಳಿ. ಒಂದೇ ಜಾಗದಲ್ಲಿ ಹಲವು ಹಕ್ಕಿಗಳು ಸತ್ತು ಬಿದ್ದಿದ್ದರೆ ಮಾತ್ರ ಮುಟ್ಟಲೇಬೇಡಿ, ಹಕ್ಕಿಜ್ವರ ಇರಬಹುದು. ಇಲಾಖೆಗೆ ತಿಳಿಸಿ.

ಅರಿಶಿನ ನೀವು ಹಚ್ಚಲಿಲ್ಲ, ಒಳ್ಳೆಯದೇ ಆಯಿತು. ನಮ್ಮ ಚರ್ಮಕ್ಕೆ ಅರಿಶಿನ ಸರಿ. ಹಕ್ಕಿಯ ಗಾಯಕ್ಕೆ ಮೆತ್ತಿದರೆ ಗರಿ, ರಕ್ತ, ಪುಡಿ ಎಲ್ಲ ಸೇರಿ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತೆ. ಅದನ್ನು ಕಿತ್ತು ತೆಗೆಯುವಾಗ ಕಾಗದದಷ್ಟು ತೆಳ್ಳಗಿನ ಚರ್ಮವೂ ಬರುತ್ತೆ. ಕೊಬ್ಬರಿ ಎಣ್ಣೆ, ಮುಲಾಮು ಇನ್ನೂ ಕೆಟ್ಟದು. ಎಣ್ಣೆ ಹತ್ತಿದ ಗರಿ ಮೈ ಬೆಚ್ಚಗಿಡಲ್ಲ. ಗೂಬೆ ಸದ್ದಿಲ್ಲದೆ ಹಾರುವುದು ಗರಿಯ ಅಂಚಿನ ನಯವಾದ ಕುಚ್ಚಿನಿಂದ, ಅದೂ ಹಾಳಾಗುತ್ತೆ. ರಕ್ತ ಸುರಿಯುತ್ತಿದ್ದರೆ ಶುದ್ಧ ಹತ್ತಿ ಬಟ್ಟೆಯಿಂದ ಎರಡು ಮೂರು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ, ಅಷ್ಟೇ. ನೋವಿಗೆ ಅಂತ ನಮ್ಮ ಮಾತ್ರೆ ಪುಡಿ ಮಾಡಿ ಹಾಕುವವರೂ ಇದ್ದಾರೆ. ದಯವಿಟ್ಟು ಬೇಡ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಅನ್ನುವ ಒಂದು ನೋವಿನ ಔಷಧಿಯೇ ನಮ್ಮ ದೇಶದ ರಣಹದ್ದುಗಳನ್ನು ಬಹುಪಾಲು ಮುಗಿಸಿತು. 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಬೇಕಾಯಿತು.

ಈಗ ದಾರದ ವಿಷಯ. ನಿಮ್ಮ ಯಜಮಾನರು ಎಳೆದು ಬಿಡಿಸಲು ಹೋಗಿ, ಅದು ಕಿರುಚಿದ್ದಕ್ಕೆ ನಿಲ್ಲಿಸಿದರು ಅಂತ ಫೋನಿನಲ್ಲಿ ಹೇಳಿದ್ದಿರಿ. ನಿಲ್ಲಿಸಿದ್ದೇ ಒಳ್ಳೆಯದಾಯಿತು. ಮಾಂಜಾಕ್ಕೆ ಗಾಜಿನ ಪುಡಿ ಇರುತ್ತೆ. ಎಳೆದರೆ ಗರಗಸದ ಹಾಗೆ ಕೊಯ್ಯುತ್ತೆ. ಹಕ್ಕಿ ಮರದಲ್ಲಿ ನೇತಾಡುತ್ತಿದ್ದರೆ ಮೊದಲು ಅದನ್ನು ಕೈಯಲ್ಲೋ ಬಟ್ಟೆಯಲ್ಲೋ ಆಸರೆ ಕೊಟ್ಟು ಹಿಡಿದು, ಮೈಯಿಂದ ಗೇಣು ದೂರದಲ್ಲಿ ದಾರ ಕತ್ತರಿಸಿ. ಮೈಗೆ ಸುತ್ತಿದ್ದು ಹಾಗೇ ಇರಲಿ. ಒಳಗೆ ಎಲ್ಲೆಲ್ಲಿ ಹೊಕ್ಕಿದೆ ಅನ್ನುವುದು ನಮಗೆ ಆ ದಾರದಿಂದಲೇ ಗೊತ್ತಾಗುವುದು.

ರೆಕ್ಕೆಯಲ್ಲಿ ಭುಜದಿಂದ ಮಣಿಕಟ್ಟಿನವರೆಗೆ ಮುಂದಿನ ಅಂಚಿನಲ್ಲಿ ಒಂದು ತೆಳು ಪೊರೆ ಇದೆ. ಅದರ ಅಂಚಿನೊಳಗೆ ಲಾಡಿ ಪೋಣಿಸಿದ ಹಾಗೆ ಒಂದು ಸ್ನಾಯುರಜ್ಜು ಓಡುತ್ತೆ. ಹಾರುವ ಹಕ್ಕಿಗೆ ದಾರ ಬಡಿಯುವುದು ಸರಿಯಾಗಿ ಅಲ್ಲೇ. ಬರೀ ಪೊರೆ ಹರಿದಿದ್ದರೆ ಬೇಗ ಹೊಲಿದರೆ ಕೂಡಿಕೊಳ್ಳುತ್ತೆ. ಹೊತ್ತು ಮೀರಿದರೆ ಅಂಚು ಒಣಗಿ, ಹಪ್ಪಳದಂತಾಗಿ ಹೊಲಿಗೆ ನಿಲ್ಲಲ್ಲ. ರಜ್ಜು ತುಂಡಾಗಿದ್ದರೆ, ಕೀಲಿನ ಹತ್ತಿರ ಮೂಳೆ ಮುರಿದಿದ್ದರೆ ಮತ್ತೆ ಹಾರುವುದು ಕಷ್ಟ. ಹಾಗಾಗಿ ನನ್ನನ್ನು ಯಾರಾದರೂ ಬದುಕುತ್ತಾ ಅಂತ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು, ಸಿಕ್ಕಿ ಎಷ್ಟು ಹೊತ್ತಾಯಿತು ಅಂತ. ನಿಮ್ಮದು ಬೆಳಿಗ್ಗೆ ಸಿಕ್ಕಿ, ಮಧ್ಯಾಹ್ನದೊಳಗೆ ಹೋಗಿದೆ. ದಾರ ಬಿದ್ದದ್ದು ರಾತ್ರಿ ಯಾವಾಗಲೋ. ಅವಕಾಶ ಚೆನ್ನಾಗಿಯೇ ಇದೆ ಅನ್ನಬಲ್ಲೆ, ಖಂಡಿತ ಅನ್ನಲಾರೆ.

ಇಂಥ ಸಮಯದಲ್ಲಿ ದಾರಿಗಳು ಏನೇನಿವೆ? ಎಲ್ಲಕ್ಕಿಂತ ಒಳ್ಳೆಯದು, ಹಕ್ಕಿಗಳ ಚಿಕಿತ್ಸೆ ಗೊತ್ತಿರುವ ರಕ್ಷಣಾ ಕೇಂದ್ರಕ್ಕೆ ನೇರ ಮುಟ್ಟಿಸುವುದು. ತುಮಕೂರಿನಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. ಕೆಂಗೇರಿ ಹತ್ತಿರ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಇದೆ, ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಹೊರಡುವ ಮೊದಲು ಫೋನ್ ಮಾಡಿ, ದಾರಿಯಲ್ಲಿ ಹಾಡು ಹಾಕಬೇಡಿ, ಡಬ್ಬದ ಮೇಲೆ ಎಸಿ ಗಾಳಿ ಬೀಸದಿರಲಿ. ಅದಾಗದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926, ಅಥವಾ ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿ. ಅವರು ಬರೋದು ತಡವಾಗಬಹುದು, ಬಂದವರಿಗೆ ಹಕ್ಕಿ ಹಿಡಿದು ಅಭ್ಯಾಸ ಇಲ್ಲದಿರಬಹುದು. ಅದಕ್ಕೇ ಡಬ್ಬ ನೀವೇ ಸಿದ್ಧ ಮಾಡಿ, ಹಕ್ಕಿ ಒಳಗಿರುವಂತೆಯೇ ಕೊಡಿ. ಮೇಲೆ ಒಂದು ಚೀಟಿ ಅಂಟಿಸಿ. ಎಲ್ಲಿ ಸಿಕ್ಕಿತು, ಎಷ್ಟು ಗಂಟೆಗೆ, ಬಾಯಿಗೆ ಏನಾದರೂ ಹಾಕಿದ್ದೀರಾ. ಮಗ ನಾಲ್ಕು ಹನಿ ನೀರು ಬಿಟ್ಟ ಅಂತ ಬರೆಯೋಕೆ ನಾಚಿಕೆ ಬೇಡ, ಆ ಒಂದು ಸಾಲು ವೈದ್ಯರಿಗೆ ತುಂಬಾ ಬೇಕು. ಊರಿನ ಪಶು ಆಸ್ಪತ್ರೆಯವರು ದನ, ಕುರಿ, ನಾಯಿ ನೋಡಿ ಪಳಗಿದವರು. ರಕ್ತ ನಿಲ್ಲಿಸಿ, ನೀರಿನಂಶ ಕೊಟ್ಟು ಕಳಿಸಲು ಅವರು ಸಾಕು. ಆದರೆ ರೆಕ್ಕೆ ಕಟ್ಟುವುದು ಬೇರೆ ಕೆಲಸ. ಬಿಗಿಯಾಗಿ ಕಟ್ಟಿ ವಾರಗಟ್ಟಲೆ ಬಿಟ್ಟರೆ ಕೀಲು ಹಿಡಿದುಬಿಡುತ್ತೆ. ರಾತ್ರಿ ಸಿಕ್ಕಿದರೆ, ಯಾರೂ ಫೋನ್ ಎತ್ತದಿದ್ದರೆ, ಡಬ್ಬದಲ್ಲಿಟ್ಟು ಬೆಳಗಿನವರೆಗೆ ಕಾಯುವುದರಲ್ಲಿ ತಪ್ಪಿಲ್ಲ.

ಮನೆಯಲ್ಲೇ ಸಾಕುವುದು ಮಾತ್ರ ದಾರಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡು ಹಕ್ಕಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಕೈಗೆ ಸಿಕ್ಕಿದರೆ 48 ಗಂಟೆಯೊಳಗೆ ಇಲಾಖೆಗೋ ಪೊಲೀಸ್ ಠಾಣೆಗೋ ತಿಳಿಸಬೇಕು. ಕಾಪಾಡಲು ಎತ್ತಿಕೊಂಡು ಕೂಡಲೇ ತಿಳಿಸಿದವರಿಗೆ ಕೇಸಿನ ಭಯ ಬೇಡ. ಆದರೆ ಮಗನಿಗೆ ಕಾನೂನು ಹೇಳಬೇಡಿ, ಇದನ್ನು ಹೇಳಿ. ಗೂಬೆ ಕತ್ತಲಲ್ಲಿ ಇಲಿಯ ಹೆಜ್ಜೆ ಸದ್ದು ಕೇಳಿಯೇ ಬೇಟೆಯಾಡುತ್ತೆ. ಟಿವಿ, ಮಿಕ್ಸಿ, ಕುಕ್ಕರ್ ಸೀಟಿ ಅದಕ್ಕೆ ಹೇಗಿರುತ್ತೆ ಅಂತ ಅವನೇ ಯೋಚಿಸಲಿ.

ಕೊನೆಗೆ ನೀವು ಕೇಳಿದ ಕಷ್ಟದ ಪ್ರಶ್ನೆ. ಸಾಯಿಸಿಬಿಡ್ತಾರಾ? ಕೆಲವೊಮ್ಮೆ ಹೌದು. ರೆಕ್ಕೆಯೇ ಕೊಳೆತಿದ್ದರೆ, ಎರಡೂ ಕಣ್ಣು ಹೋಗಿದ್ದರೆ, ನೋವು ತಗ್ಗಿಸಲು ಆಗುವುದೇ ಇಲ್ಲ ಅಂದರೆ, ನಿದ್ದೆ ಬರಿಸಿ ಮುಗಿಸುತ್ತೇವೆ. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಆ ಸೂಜಿ ಕೈಗೆ ಎತ್ತಿಕೊಳ್ಳುವುದು ಇವತ್ತಿಗೂ ಸುಲಭವಾಗಿಲ್ಲ. ಹಾರಲು ಆಗದಿದ್ದರೂ ನೋವಿಲ್ಲದೆ ಇರಬಲ್ಲ ಹಕ್ಕಿಯನ್ನು ಕೆಲವು ಕೇಂದ್ರಗಳು ಉಳಿಸಿಕೊಳ್ಳುತ್ತವೆ. ಆದರೆ ಎಲ್ಲ ಹಕ್ಕಿಯೂ ಆ ಬದುಕಿಗೆ ಒಗ್ಗಲ್ಲ. ಕೆಲವು ಊಟ ಬಿಟ್ಟು, ಗೂಡಿನ ತಂತಿಗೆ ತಲೆ ಚಚ್ಚಿಕೊಳ್ಳುತ್ತವೆ. ಇದನ್ನು ತೀರ್ಮಾನಿಸುವುದು ದಿನಾ ಆ ಹಕ್ಕಿಯನ್ನು ನೋಡುವವರು. ಕೇಂದ್ರಕ್ಕೆ ಫೋನ್ ಮಾಡಿ ಕೇಳುವ ಹಕ್ಕು ನಿಮಗಿದೆ. ಕೇಳಿ, ಅವರೂ ಖುಷಿಯಿಂದ ಹೇಳುತ್ತಾರೆ.

ಗುಣವಾದರೆ ದೊಡ್ಡ ಗೂಡಿನಲ್ಲಿ ಹಾರಿಸಿ ನೋಡುತ್ತಾರೆ. ರೆಕ್ಕೆ ಎರಡೂ ಸಮ ಏಳಬೇಕು, ಹಾರುವಾಗ ಸದ್ದು ಬರಬಾರದು. ಆಮೇಲೆ ಸಿಕ್ಕಿದ ಜಾಗದಲ್ಲೇ, ಸಂಜೆ ಕಾಗೆಗಳು ಗೂಡು ಸೇರಿದ ಮೇಲೆ ಬಿಡುವುದು ಒಳ್ಳೆಯದು. ಅಲ್ಲಿನ ಪೊಟರೆ, ಹಳೆ ಬಾವಿ, ಇಲಿ ಇರುವ ಗದ್ದೆ ಎಲ್ಲ ಅದಕ್ಕೆ ಗೊತ್ತು, ಜೋಡಿಯೂ ಅಲ್ಲೇ ಇರಬಹುದು. ಆದ್ದರಿಂದ ಒಂದು ಕೆಲಸ ನಿಮ್ಮ ಕಡೆಯಿಂದ ಬಾಕಿ ಇದೆ. ದಾರದ ಇನ್ನೊಂದು ತುದಿ ನುಗ್ಗೆ ಮರದ ಮೇಲಿನ ಕೊಂಬೆಯಲ್ಲಿ ಇನ್ನೂ ನೇತಾಡುತ್ತಿದೆ ಅಂದಿದ್ದಿರಿ. ನೈಲಾನ್ ಮಾಂಜಾವನ್ನು 2017ರ ಜುಲೈನಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೇಶದಲ್ಲೆಲ್ಲ ನಿಷೇಧಿಸಿದೆ, ಆದರೂ ಮಾರುವವರಿದ್ದಾರೆ. ಹತ್ತಿ ದಾರವಾದರೆ ಮಳೆಗೆ ಕೊಳೆಯುತ್ತೆ, ನೈಲಾನ್ ವರ್ಷಗಟ್ಟಲೆ ಅಲ್ಲೇ ಇರುತ್ತೆ. ನುಗ್ಗೆ ಕೊಂಬೆ ಪೆಡಸು, ಮುರಿಯುತ್ತೆ, ಮಗನನ್ನು ಹತ್ತಿಸಬೇಡಿ. ಉದ್ದನೆಯ ದೋಟಿಗೆ ಕೊಕ್ಕೆ ಕಟ್ಟಿ ನೀವೇ ಎಳೆದು ತೆಗೆಯಿರಿ, ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ. ಬಿಸಾಡುವ ಮೊದಲು ಗೇಣುದ್ದದ ಚೂರುಗಳಾಗಿ ಕತ್ತರಿಸುವ ಕೆಲಸವನ್ನು ಮಗನಿಗೆ ಕೊಡಿ.